ಫಾರ್ಮ್ಯಾಟ್ ಮಾಡಿದರೆ ಹಾರ್ಡ್ ಡಿಸ್ಕ್ ಸವೆಯುತ್ತದೆಯೇ?

ಕಂಪ್ಯೂಟರ್ ನಿಧಾನವಾದರೆ ನಮ್ಮಲ್ಲಿ ಮೊದಲು ಬರುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿಸಿ, ವಿಂಡೋಸ್ ಹೊಸದಾಗಿ ಹಾಕ್ಸಿ.’ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಹಿಡಿದು ಬಸ್ ಸ್ಟ್ಯಾಂಡ್ ಪಕ್ಕದ ಪುಟ್ಟ ರಿಪೇರಿ ಅಂಗಡಿಯವರೆಗೆ ಇದೇ ಮಾತು. ದುಡ್ಡು ಎಣಿಸಿಕೊಳ್ಳುವಾಗ ಅದೇ ಅಂಗಡಿಯವರು ಇನ್ನೊಂದು ಮಾತು ಸೇರಿಸುತ್ತಾರೆ: ‘ಪದೇ ಪದೇ ಮಾಡಿಸ್ಬೇಡಿ ಸಾರ್, ಹಾರ್ಡ್ ಡಿಸ್ಕ್ ಹೋಗ್ಬಿಡುತ್ತೆ.’

ಈ ಎರಡನೆಯ ಮಾತು ಬಹುಮಟ್ಟಿಗೆ ತಪ್ಪು. ಆದರೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಫಾರ್ಮ್ಯಾಟ್ ಮಾಡಿದ ಸ್ವಲ್ಪ ದಿನಕ್ಕೇ ಡಿಸ್ಕ್ ಕೈಕೊಟ್ಟಿದ್ದನ್ನು ಎಷ್ಟೋ ಜನ ಕಣ್ಣಾರೆ ನೋಡಿದ್ದಾರೆ. ನೋಡಿದ್ದು ನಿಜ, ಕಾರಣ ಮಾತ್ರ ಬೇರೆ.

ಫಾರ್ಮ್ಯಾಟ್‌ನಲ್ಲಿ ಎರಡು ಬಗೆ. ಕ್ವಿಕ್ ಫಾರ್ಮ್ಯಾಟ್ ಒತ್ತಿದಾಗ ವಿಂಡೋಸ್ ನಿಮ್ಮ ಫೋಟೊ, ಹಾಡು, ಫೈಲುಗಳನ್ನು ಮುಟ್ಟುವುದೇ ಇಲ್ಲ. ಯಾವ ಫೈಲ್ ಎಲ್ಲಿದೆ ಎಂದು ಬರೆದಿಟ್ಟ ಪಟ್ಟಿಯನ್ನಷ್ಟೇ ಹೊಸದಾಗಿ, ಖಾಲಿಯಾಗಿ ಬರೆಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಪುಸ್ತಕ ಬದಲಾಯಿಸಿದರೆ ಹೊಲದ ಮಣ್ಣು ಸವೆಯುತ್ತದೆಯೇ? ಕೆಲವೇ ಸೆಕೆಂಡುಗಳ ಕೆಲಸ ಅದು. ಬರೆಯುವುದೂ ಇಡೀ ಡಿಸ್ಕ್‌ನ ಒಂದು ಚೂರು ಜಾಗದಲ್ಲಿ ಮಾತ್ರ. ಆ ಪಟ್ಟಿಯಾದರೂ ದಿನವೂ ತಿದ್ದುಪಡಿ ಆಗುತ್ತಲೇ ಇರುತ್ತದೆ. ಒಂದು ಫೈಲ್ ಸೇವ್ ಮಾಡಿ, ಹೆಸರು ಬದಲಿಸಿ, ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆಯಿರಿ, ಅಲ್ಲಿ ಬರಹ ಬದಲಾಗುತ್ತದೆ. ಇದರಿಂದ ಸವೆಯುವುದಾಗಿದ್ದರೆ ನಮ್ಮ ಡಿಸ್ಕ್‌ಗಳೆಲ್ಲ ಮೊದಲ ತಿಂಗಳಲ್ಲೇ ಸವೆದುಹೋಗಬೇಕಿತ್ತು.

ಫುಲ್ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು ಪಟ್ಟಿಯನ್ನು ಹೊಸದಾಗಿ ಬರೆಯುವುದರ ಜೊತೆಗೆ ಡಿಸ್ಕನ್ನು ಪೂರ್ತಿ ಓದಿ ಕೆಟ್ಟ ಸೆಕ್ಟರ್ (ಮಾಹಿತಿ ಬರೆದಿಡುವ ಪುಟ್ಟ ಪುಟ್ಟ ತುಂಡು ಜಾಗ) ಹುಡುಕುತ್ತಿತ್ತು, ಅಷ್ಟೇ. 2007ರಲ್ಲಿ ವಿಸ್ಟಾ ಬಂದಾಗಿನಿಂದ ಡಿಸ್ಕ್ ತುಂಬ ಸೊನ್ನೆ ಬರೆಯುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗ ಸಿಕ್ಕಿತು ಅಂದುಕೊಂಡರೂ 1 ಟೆರಾಬೈಟ್ ಡಿಸ್ಕ್‌ಗೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಇದು ಡಿಸ್ಕ್‌ಗೆ ಕೆಲಸ ಹೌದು. ಆದರೆ ಎಷ್ಟರ ಕೆಲಸ? ಮನೆ ಬಳಕೆಯ ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ವರ್ಷಕ್ಕೆ 55 ಟೆರಾಬೈಟ್ ಓದು-ಬರಹದ ಲೆಕ್ಕ ಕೊಡುವುದುಂಟು. ಸರ್ವರ್ ಡಿಸ್ಕ್‌ಗಳಿಗೆ ಅದು 550. ತಿಂಗಳಿಗೊಮ್ಮೆ 1 ಟೆರಾಬೈಟ್ ಡಿಸ್ಕನ್ನು ಫುಲ್ ಫಾರ್ಮ್ಯಾಟ್ ಮಾಡಿದರೂ ವರ್ಷಕ್ಕೆ 12 ಟೆರಾಬೈಟ್ ಆಯಿತು. ಕಾಲು ಭಾಗವೂ ಮುಟ್ಟಲಿಲ್ಲ. ತಿಂಗಳಿಗೊಮ್ಮೆ ಫಾರ್ಮ್ಯಾಟ್ ಮಾಡುವವರು ಯಾರಿದ್ದಾರೆ, ಅದು ಬೇರೆ ಮಾತು.

ಹಾರ್ಡ್ ಡಿಸ್ಕ್ ಒಳಗೆ ಸವೆಯುವುದು ಯಾವುದು ಎಂದು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಒಳಗೆ ತಿರುಗುವ ತಟ್ಟೆಗಳಿವೆ. ಅವುಗಳ ಮೇಲೆ ಕೋಬಾಲ್ಟ್ ಬೆರೆತ ಲೋಹದ ತೆಳು ಪದರ. ಆ ಪದರದ ಸಣ್ಣ ಸಣ್ಣ ಕಣಗಳ ಕಾಂತದ ದಿಕ್ಕು ತಿರುಗಿಸುವುದೇ ಬರೆಯುವುದು. ಕಣ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಏನೂ ಉಜ್ಜುವುದಿಲ್ಲ, ಏನೂ ಕಿತ್ತು ಬರುವುದಿಲ್ಲ. ಒಂದೇ ಜಾಗದಲ್ಲಿ ಎಷ್ಟು ಸಲ ತಿರುಗಿಸಿದರೂ ಕಾಂತಕ್ಕೆ ಸುಸ್ತಾಗುವುದಿಲ್ಲ.

ಓದಿ ಬರೆಯುವ ಹೆಡ್ ತಟ್ಟೆಯನ್ನು ತಾಗುವುದೇ ಇಲ್ಲ. ನಿಮಿಷಕ್ಕೆ 7200 ಸುತ್ತು ತಿರುಗುವ ಮೂರೂವರೆ ಇಂಚಿನ ಡಿಸ್ಕ್‌ನಲ್ಲಿ ತಟ್ಟೆಯ ಹೊರ ಅಂಚು ಗಂಟೆಗೆ 120 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಆ ಓಟಕ್ಕೆ ಎದ್ದ ಗಾಳಿಯ ಪದರದ ಮೇಲೆ ಹೆಡ್ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ 70-80 ಸಾವಿರ ನ್ಯಾನೋಮೀಟರ್ ಅನ್ನುವುದನ್ನು ನೆನೆದರೆ ಇದೆಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ. ಹೀಗೆ ಗಾಳಿಯನ್ನೇ ನೆಚ್ಚಿಕೊಂಡ ಕಾರಣಕ್ಕೆ ಮಾಮೂಲಿ ಡಿಸ್ಕ್‌ಗಳನ್ನು ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದವರೆಗೆ ಮಾತ್ರ ಬಳಸಿ ಎಂದು ತಯಾರಕರು ಬರೆದಿರುತ್ತಾರೆ. 3,500 ಮೀಟರ್ ಎತ್ತರದ ಲೇಹ್‌ಗೆ ಹಾರ್ಡ್ ಡಿಸ್ಕ್ ಹೊತ್ತು ಹೋಗುವವರು ಇದನ್ನು ಗಮನಿಸಬಹುದು!

ಒಂದು ಸಣ್ಣ ‘ಆದರೆ’ ಇದೆ. ಈಗಿನ ಹೆಡ್‌ಗಳಲ್ಲಿ ಪುಟ್ಟ ಹೀಟರ್ ಇರುತ್ತದೆ. ಓದುವಾಗ, ಬರೆಯುವಾಗ ಅದು ಹೆಡ್‌ನ ತುದಿಯನ್ನು ಬಿಸಿ ಮಾಡಿ ಒಂಚೂರು ಉಬ್ಬಿಸಿ ತಟ್ಟೆಗೆ ಇನ್ನಷ್ಟು ಹತ್ತಿರ ತರುತ್ತದೆ. ಹತ್ತಿರ ಇದ್ದಷ್ಟು ಹೊತ್ತೂ ಅಪಾಯ ಸ್ವಲ್ಪ ಜಾಸ್ತಿ. ವರ್ಷಕ್ಕೆ ಇಷ್ಟು ಟೆರಾಬೈಟ್ ಎಂಬ ಲೆಕ್ಕಕ್ಕೆ ಇದೂ ಒಂದು ಕಾರಣ. ಆದರೆ ಫುಲ್ ಫಾರ್ಮ್ಯಾಟ್‌ನಲ್ಲಿ ಹೆಡ್ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನವಾಗಿ, ಸಾಲಾಗಿ ಸರಿಯುತ್ತದೆ. ವಿಂಡೋಸ್ ಶುರುವಾಗುವಾಗ ಅದೇ ಹೆಡ್ ಸಾವಿರಾರು ಸಣ್ಣ ಫೈಲುಗಳಿಗಾಗಿ ಅತ್ತಿಂದಿತ್ತ ಜಿಗಿಯುತ್ತದೆ. ಕಟಕಟ ಸದ್ದು ಕೇಳಿದ್ದೀರಲ್ಲ, ಅದು ಇದೇ. ಹೆಡ್ ಹೊತ್ತ ತೋಳಿಗೆ ದಣಿವು ಅಲ್ಲಿಯೇ ಜಾಸ್ತಿ.

ಹಾಗಾದರೆ ನಿಜವಾಗಿ ಪೆಟ್ಟು ಕೊಡುವುದು ಏನು? ಕೆಲಸ ನಡೆಯುತ್ತಿರುವಾಗ ಬೀಳುವ ಹೊಡೆತ, ಅದುರುವ ಟೇಬಲ್, ಧೂಳು ಕಟ್ಟಿದ ಫ್ಯಾನಿನಿಂದ ಏರುವ ಬಿಸಿ, ತಿರುಗಿ ತಿರುಗಿ ಹಳತಾಗುವ ಮೋಟಾರ್. ಇವೆಲ್ಲ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವವು. ಜಾಸ್ತಿ ಜನ ಗಮನಿಸದೇ ಇರುವುದು ಹೆಡ್ ತನ್ನ ತಂಗುದಾಣಕ್ಕೆ ಹೋಗಿ ಬರುವ ಓಡಾಟ. ಕೆಲಸವಿಲ್ಲದಾಗ ಹೆಡ್ ತಟ್ಟೆಯಿಂದ ಹೊರಬಂದು ಪಕ್ಕದ ಪ್ಲಾಸ್ಟಿಕ್ ಇಳಿಜಾರಿನ ಮೇಲೆ ಕೂರುತ್ತದೆ. ಏರುವಾಗ, ಇಳಿಯುವಾಗ ಮಾತ್ರ ಅಲ್ಲಿ ಉಜ್ಜಾಟ ಇದೆ. ಇದಕ್ಕೆ ತಯಾರಕರು ಸಾಮಾನ್ಯವಾಗಿ 3 ಲಕ್ಷ ಅಥವಾ 6 ಲಕ್ಷ ಸಲದ ಲೆಕ್ಕ ಕೊಡುತ್ತಾರೆ. ದೊಡ್ಡ ಸಂಖ್ಯೆ ಅನಿಸುತ್ತದೆ, ಅಲ್ವಾ? ವಿದ್ಯುತ್ ಉಳಿಸಲೆಂದು ಕೆಲವು ಡಿಸ್ಕ್‌ಗಳು ಕೆಲವೇ ಸೆಕೆಂಡು ಸುಮ್ಮನಿದ್ದರೂ ಹೆಡ್ಡನ್ನು ಕೂರಿಸಿಬಿಡುತ್ತಿದ್ದವು. ಹಗಲೂ ರಾತ್ರಿ ಚಾಲೂ ಇರುವ ಯಂತ್ರದಲ್ಲಿ ನಿಮಿಷಕ್ಕೊಂದು ಸಲ ಹೀಗಾದರೆ ದಿನಕ್ಕೆ 1,440. ಏಳು ತಿಂಗಳಿಗೆ 3 ಲಕ್ಷ ಮುಗಿಯುತ್ತದೆ.

ಇನ್ನು ಕರೆಂಟ್ ಹೋಗುವ ವಿಷಯ. ಯುಪಿಎಸ್ ಇಲ್ಲದ ಕಂಪ್ಯೂಟರ್‌ನಲ್ಲಿ ಕರೆಂಟ್ ಹೋದ ಕ್ಷಣ ಗಾಳಿಯ ಪದರವನ್ನು ಉಳಿಸಿಕೊಡುತ್ತಿದ್ದ ಓಟ ನಿಧಾನವಾಗತೊಡಗುತ್ತದೆ. ಹೆಡ್ ತಟ್ಟೆಯ ಮೇಲೆ ಬಿದ್ದರೆ ಕತೆ ಮುಗಿಯಿತು. ಇಲ್ಲಿ ಎಂಜಿನಿಯರುಗಳು ಮಾಡಿರುವ ಉಪಾಯ ನನಗೆ ಬಹಳ ಇಷ್ಟ. ತಟ್ಟೆಗಳು ಇನ್ನೂ ಜೋರಾಗಿ ತಿರುಗುತ್ತಲೇ ಇರುತ್ತವೆ ತಾನೇ? ಆ ತಿರುಗಾಟದಿಂದ ಮೋಟಾರೇ ಜನರೇಟರ್ ಆಗಿ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ. ಆ ವಿದ್ಯುತ್ತಿನಿಂದಲೇ ಹೆಡ್ಡನ್ನು ಎಳೆದು ಸುರಕ್ಷಿತ ಜಾಗಕ್ಕೆ ಒಯ್ಯಲಾಗುತ್ತದೆ. ಜೀವ ಉಳಿಯುತ್ತದೆ, ಆದರೆ ಈ ಅವಸರದ ಎಳೆತ ಮಾಮೂಲಿಗಿಂತ ಒರಟು. ಇಂಥ ಎಳೆತ ಎಷ್ಟಾಯಿತು ಎಂದು ಎಷ್ಟೋ ಡಿಸ್ಕ್‌ಗಳು ತಾವೇ ಲೆಕ್ಕ ಬರೆದಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಕೂತು ಫಾರ್ಮ್ಯಾಟ್‌ಗೆ ಹೆದರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಈಗ ಮೊದಲಿನ ಗಂಟಿಗೆ ಬರೋಣ. ಫಾರ್ಮ್ಯಾಟ್ ಮಾಡಿದ ಮೇಲೆ ಡಿಸ್ಕ್ ಹೋಗಿದ್ದನ್ನು ಜನ ನೋಡಿದ್ದಾರಲ್ಲ, ಅದು ಹೇಗೆ?

ಡಿಸ್ಕ್ ಯಾವುದೋ ಒಂದು ಸೆಕ್ಟರನ್ನು ಓದಲಾಗದೆ ಸೋತಿತು ಎಂದುಕೊಳ್ಳಿ. ತಕ್ಷಣ ಅದನ್ನು ಕೆಟ್ಟದ್ದು ಎಂದು ಬಿಟ್ಟುಕೊಡುವುದಿಲ್ಲ. ಅಲ್ಲಿ ನಿಮ್ಮ ಮಾಹಿತಿ ಇದೆ, ಮುಂದೆಂದಾದರೂ ಓದಲು ಸಿಗಬಹುದು. ಹಾಗಾಗಿ ‘ಇದು ಸಂಶಯದ ಸೆಕ್ಟರ್’ ಎಂದು ಗುರುತು ಹಾಕಿ ಕಾಯುತ್ತದೆ. ಎಲ್ಲಿಯವರೆಗೆ? ಯಾರಾದರೂ ಆ ಜಾಗದ ಮೇಲೆ ಹೊಸದಾಗಿ ಬರೆಯುವವರೆಗೆ. ಬರೆದಾಗ ಸರಿಯಾಗಿ ಕೂತರೆ ಸಂಶಯದ ಗುರುತು ಅಳಿಯುತ್ತದೆ. ಕೂರದಿದ್ದರೆ ಆ ಸೆಕ್ಟರನ್ನು ಶಾಶ್ವತವಾಗಿ ಕೈಬಿಟ್ಟು, ಕಾರ್ಖಾನೆಯಲ್ಲೇ ಮೀಸಲಿಟ್ಟ ಇನ್ನೊಂದು ಸೆಕ್ಟರನ್ನು ಅದರ ಬದಲಿಗೆ ಬಳಸುತ್ತದೆ. ಫುಲ್ ಫಾರ್ಮ್ಯಾಟ್ ಮಾಡಿದಾಗ ವರ್ಷಗಟ್ಟಲೆ ಮುಟ್ಟದೇ ಬಿದ್ದಿದ್ದ ಮೂಲೆಗಳೂ ಸೇರಿ ಎಲ್ಲ ಕಡೆ ಒಮ್ಮೆಗೇ ಬರಹ ಬೀಳುತ್ತದೆ. ಅಡಗಿದ್ದ ಕೆಟ್ಟ ಸೆಕ್ಟರ್‌ಗಳೆಲ್ಲ ಒಟ್ಟಿಗೆ ಹೊರಬರುತ್ತವೆ. ಬದಲಿ ಸೆಕ್ಟರ್‌ಗಳ ಎಣಿಕೆ ದಿಢೀರನೆ ಏರುತ್ತದೆ. ಫಾರ್ಮ್ಯಾಟ್‌ಗೆ ಮುಂಚೆ ಸೊನ್ನೆ ಇದ್ದದ್ದು ಆಮೇಲೆ ಇನ್ನೂರು ಎಂದು ತೋರಿಸಿದರೆ ಯಾರಿಗಾದರೂ ಅನಿಸುವುದು ಏನು? ಫಾರ್ಮ್ಯಾಟ್ ಹಾಳು ಮಾಡಿತು ಅಂತಲೇ.

ಅದಕ್ಕೂ ಮುಂಚಿನ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನೀವು ಫಾರ್ಮ್ಯಾಟ್ ಮಾಡಿಸಿದ್ದು ಯಾಕೆ? ಕಂಪ್ಯೂಟರ್ ನಿಧಾನವಾಗಿತ್ತು, ಮಧ್ಯೆ ಮಧ್ಯೆ ನಿಂತುಬಿಡುತ್ತಿತ್ತು. ಒಂದೇ ಸೆಕ್ಟರನ್ನು ಮತ್ತೆ ಮತ್ತೆ ಓದಲು ಒದ್ದಾಡುವ ಡಿಸ್ಕ್‌ನ ಲಕ್ಷಣವೂ ಇದೇ. ಅಂದರೆ ಕೆಡಲು ಶುರುವಾಗಿದ್ದ ಡಿಸ್ಕ್‌ಗಳೇ ಹೆಚ್ಚಾಗಿ ಫಾರ್ಮ್ಯಾಟ್‌ಗೆ ಬರುತ್ತವೆ. ಅವು ಆಮೇಲೆ ಸತ್ತರೆ ಆಶ್ಚರ್ಯವಿಲ್ಲ.

2007ರಲ್ಲಿ ಗೂಗಲ್‌ನ ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ನೋಡಿ ಒಂದು ಪ್ರಬಂಧ ಪ್ರಕಟಿಸಿದರು. ಜಾಸ್ತಿ ದುಡಿದ ಡಿಸ್ಕ್ ಬೇಗ ಸಾಯುತ್ತದೆ ಎಂಬ ನಂಬಿಕೆಗೆ ಅಲ್ಲಿ ಅಷ್ಟೇನೂ ಬಲ ಸಿಗಲಿಲ್ಲ. ತೀರಾ ಹೊಸ ಮತ್ತು ತೀರಾ ಹಳೆಯ ಡಿಸ್ಕ್‌ಗಳಲ್ಲಿ ಮಾತ್ರ ಸ್ವಲ್ಪ ಸಂಬಂಧ ಕಂಡಿತು. ಇನ್ನೊಂದು ಕಡೆ, ಪರೀಕ್ಷೆಯಲ್ಲಿ ಮೊದಲ ಓದಲಾಗದ ಸೆಕ್ಟರ್ ಸಿಕ್ಕ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ, ಅಂಥ ದೋಷ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಇತ್ತು. ಹಾಗಂತ ಎಣಿಕೆ ಸೊನ್ನೆ ಇದೆ ಎಂದು ನಿಶ್ಚಿಂತರಾಗುವ ಹಾಗೂ ಇಲ್ಲ. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂಥ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು. ಬ್ಯಾಕಪ್‌ಗೆ ಬದಲಿ ಇಲ್ಲ ಎನ್ನುವುದು ಇದಕ್ಕೇ.

ಹಳಬರಿಗೆ ಇನ್ನೊಂದು ನೆನಪೂ ಇರಬಹುದು. 1980ರ ದಶಕದ 10-20 ಮೆಗಾಬೈಟ್ ಡಿಸ್ಕ್‌ಗಳಲ್ಲಿ ಹೆಡ್ಡನ್ನು ಸರಿಸಲು ಸ್ಟೆಪ್ಪರ್ ಮೋಟಾರ್ ಇರುತ್ತಿತ್ತು. ಬಿಸಿಗೆ, ಸವೆತಕ್ಕೆ ಅದು ಸ್ವಲ್ಪ ಆಚೀಚೆ ಆಗಿ, ಬರೆದ ಗೆರೆಗೂ ಹೆಡ್ ನಿಲ್ಲುವ ಜಾಗಕ್ಕೂ ಹೊಂದಿಕೆ ತಪ್ಪುತ್ತಿತ್ತು. ಆಗ ಲೋ ಲೆವೆಲ್ ಫಾರ್ಮ್ಯಾಟ್ ಮಾಡಿ ಗೆರೆಗಳನ್ನೇ ಹೊಸದಾಗಿ ಎಳೆಯುತ್ತಿದ್ದರು. ಆಗ ಅದು ರಿಪೇರಿಯೇ ಆಗಿತ್ತು. ಇವತ್ತಿನ ಡಿಸ್ಕ್‌ಗಳಲ್ಲಿ ಆ ಗೆರೆಗಳನ್ನು ಕಾರ್ಖಾನೆಯಲ್ಲೇ ಎಳೆದಿರುತ್ತಾರೆ. ನಾವು ನೀವು ಅದನ್ನು ಮುಟ್ಟಲಾಗದು.

ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಬಂದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಬರಹದಿಂದ ಸವೆತ ನಿಜವಾಗಿಯೂ ಇದೆ. ತೋಶಿಬಾದ ಫುಜಿಯೊ ಮಸುಒಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಮೆಮೊರಿಯಲ್ಲಿ ಎಲೆಕ್ಟ್ರಾನ್‌ಗಳನ್ನು ತೆಳುವಾದ ಆಕ್ಸೈಡ್ ಪದರದ ಮೂಲಕ ಬಲವಂತವಾಗಿ ತೂರಿಸಿ ಒಳಗೆ ಹಿಡಿದಿಡಬೇಕು. ಅಳಿಸುವಾಗ ಮತ್ತೆ ಹೊರಗೆಳೆಯಬೇಕು. ಪ್ರತಿ ಸಲವೂ ಆ ಪದರ ಒಂಚೂರು ಕೆಡುತ್ತದೆ. ಈಗ ಸಾಮಾನ್ಯವಾಗಿ ಸಿಗುವ ಟಿಎಲ್‌ಸಿ ಬಗೆಯ (ಒಂದೊಂದು ಕೋಶದಲ್ಲಿ ಮೂರು ಬಿಟ್ ಇಡುವ) ಚಿಪ್‌ಗಳು ಇಂಥ ಒಂದರಿಂದ ಮೂರು ಸಾವಿರ ಸುತ್ತು ತಡೆಯುತ್ತವೆ. ಆದರೂ ಗಾಬರಿ ಬೇಡ. 500 ಜಿಬಿ ಎಸ್‌ಎಸ್‌ಡಿಗೆ 300 ಟೆರಾಬೈಟ್ ಬರಹದ ಖಾತರಿ ಇದ್ದರೆ, 600 ಸಲ ಪೂರ್ತಿ ಬರೆಯಬಹುದು ಎಂದಾಯಿತು. ವಾರಕ್ಕೊಂದು ಫುಲ್ ಫಾರ್ಮ್ಯಾಟ್ ಮಾಡಿದರೂ ಹನ್ನೊಂದು ವರ್ಷ.

ಹಾಗಿದ್ದರೂ ಎಸ್‌ಎಸ್‌ಡಿಗೆ ಫುಲ್ ಫಾರ್ಮ್ಯಾಟ್ ದಂಡ. ಕ್ವಿಕ್ ಸಾಕು. 2009ರ ವಿಂಡೋಸ್ 7ರಿಂದ ಈಚೆಗೆ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ‘ಈ ಜಾಗವೆಲ್ಲ ಖಾಲಿ’ ಎಂದು ಎಸ್‌ಎಸ್‌ಡಿಗೆ ಟ್ರಿಮ್ ಆಜ್ಞೆ ಹೋಗುತ್ತದೆ. ಎಸ್‌ಎಸ್‌ಡಿ ತನ್ನ ಪಾಡಿಗೆ ಬಿಡುವಿನಲ್ಲಿ ಅಳಿಸಿಟ್ಟುಕೊಂಡು ಮುಂದಿನ ಬರಹಕ್ಕೆ ಸಿದ್ಧವಾಗುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲೂ ಫ್ಲ್ಯಾಶ್ ಚಿಪ್ಪೇ ಇರುವುದು. ಆದರೆ ಅಗ್ಗದವುಗಳಲ್ಲಿ ಸವೆತವನ್ನು ಎಲ್ಲ ಕಡೆ ಸಮನಾಗಿ ಹಂಚುವ ಜಾಣತನ ಕಡಿಮೆ. ಅಲ್ಲೂ ಕ್ವಿಕ್ ಒಳ್ಳೆಯದು.

ಫುಲ್ ಫಾರ್ಮ್ಯಾಟ್ ಬೇಕೇ ಬೇಕಾಗುವ ಒಂದು ಸಂದರ್ಭ ಹಳೆಯ ಹಾರ್ಡ್ ಡಿಸ್ಕ್ ಮಾರುವಾಗ. ಸವೆಯುತ್ತದೆ ಎಂದು ಹೆದರಿ ಜನ ಅಲ್ಲಿಯೂ ಕ್ವಿಕ್ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ 158 ಹಳೆಯ ಡಿಸ್ಕ್‌ಗಳನ್ನು ಕೊಂಡು ತಂದು ನೋಡಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರು, ಆಸ್ಪತ್ರೆಯ ದಾಖಲೆ, ಪ್ರೇಮಪತ್ರ ಎಲ್ಲ ಇತ್ತು. ಎಸ್‌ಎಸ್‌ಡಿಯಲ್ಲಾದರೆ ವಿಂಡೋಸ್ ಕೈಗೆ ಸಿಗದ ಮೀಸಲು ಜಾಗವೂ ಇರುವುದರಿಂದ, ತಯಾರಕರೇ ಕೊಡುವ ಸೆಕ್ಯೂರ್ ಇರೇಸ್ ಬಳಸಬೇಕು. ಹಾರ್ಡ್ ಡಿಸ್ಕ್‌ಗೆ ಒಂದು ಫುಲ್ ಫಾರ್ಮ್ಯಾಟ್ ಸಾಕು, ಏಳೇಳು ಸಲ ಅಳಿಸುವ ಸಾಫ್ಟ್‌ವೇರ್ ಏನೂ ಬೇಕಿಲ್ಲ. ರಾತ್ರಿ ಶುರು ಮಾಡಿ ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ, ನಡುವೆ ಕರೆಂಟ್ ಹೋಗದಿದ್ದರೆ.