ಕಾಶ್ಮೀರದ ಸರೋವರ ಚಾರಣ: ಯೋಜನೆ ಹಾಕುವ ಬಗೆ

ಸೋನಾಮಾರ್ಗ್‌ನಲ್ಲಿ ಹೊರಟು ನಾರಾನಾಗ್‌ನಲ್ಲಿ ಇಳಿಯುವ ಈ ದಾರಿ ಸುಮಾರು 70 ಕಿ.ಮೀ. ಆರೇಳು ದಿನಕ್ಕೆ ಹಂಚಿದರೆ ‘ಇಷ್ಟೇನಾ’ ಅನ್ನಿಸುತ್ತದೆ, ಕುಮಾರ ಪರ್ವತ ಹತ್ತಿಳಿದವರಿಗಂತೂ ಇನ್ನೂ ಸಲೀಸು. ಆದರೆ ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿ ಕೊನೆಯ ದಿನ ಇಳಿದು ಸೇರುವ ನಾರಾನಾಗ್ ಹಳ್ಳಿಯೇ ಅದಕ್ಕಿಂತ ಮೇಲಿದೆ. ಅದಕ್ಕೇ ಕಿಲೋಮೀಟರ್ ಲೆಕ್ಕ ಆಮೇಲಿರಲಿ, ಮೊದಲು ಪ್ರತಿ ರಾತ್ರಿ ಮಲಗುವ ಜಾಗದ ಎತ್ತರ ಬರೆದುಕೊಳ್ಳಿ.

ಅಂದಾಜು ಹೀಗೆ: ಸೋನಾಮಾರ್ಗ್ 2,800 ಮೀ., ನಿಚನಾಯ್ 3,500, ವಿಷನ್‌ಸರ್ 3,670, ಗಡ್‌ಸರ್ 3,600, ಸತ್‌ಸರ್ 3,600, ಗಂಗಬಲ್ 3,570.

3,000 ಮೀಟರ್ ದಾಟಿದ ಮೇಲೆ ತೆಳು ಗಾಳಿಗೆ ದೇಹ ಒಗ್ಗಬೇಕಾದರೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಪ್ರತಿ 1,000 ಮೀಟರಿಗೆ ಒಂದು ದಿನ ವಿಶ್ರಾಂತಿ ಬೇಕು ಎನ್ನುವುದು ಪರ್ವತ ವೈದ್ಯಕೀಯದ ಸಾಮಾನ್ಯ ಸೂತ್ರ. ಈಗ ಪಟ್ಟಿಯನ್ನು ಮತ್ತೆ ನೋಡಿ. ಮೊದಲ ದಿನವೇ 700 ಮೀಟರ್ ಜಿಗಿತ! ಆಮೇಲಿನ ರಾತ್ರಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿವೆ. ಅಂದರೆ ತೊಂದರೆ ಇರುವುದು ಆರಂಭದಲ್ಲಿ. ಬೆಂಗಳೂರಿನಿಂದ ವಿಮಾನದಲ್ಲಿ ಬಂದವರು ಸೋನಾಮಾರ್ಗ್‌ನಲ್ಲಿ ಒಂದು ರಾತ್ರಿ ಹೆಚ್ಚು ಉಳಿದು, ಹಗಲು ಥಾಜಿವಾಸ್ ಹಿಮನದಿಯ ಕಡೆ ಹತ್ತಿ ಇಳಿದರೆ ದೇಹಕ್ಕೆ ಅಷ್ಟು ಸಮಯ ಸಿಗುತ್ತದೆ. ಇನ್ನೊಂದು ಬಿಡುವಿನ ದಿನ ವಿಷನ್‌ಸರ್‌ನಲ್ಲಿ ಇರಲಿ. ಹೊರೆ ಟೆಂಟಿನಲ್ಲೇ ಬಿಟ್ಟು ಮೇಲಿನ ಕಿಷನ್‌ಸರ್ ತನಕ ಹೋಗಿ ಬರಬಹುದು, ಟ್ರೌಟ್ ಮೀನು ಓಡಾಡುವುದನ್ನೂ ನೋಡಬಹುದು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ತಲೆನೋವು ಹೋಗದೆ ವಾಂತಿಯೂ ಶುರುವಾದರೆ ಮೇಲೆ ಹತ್ತುವ ಮಾತೇ ಬೇಡ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಆ ಹೊತ್ತಿಗೇ ಕೆಳಗಿಳಿಸಬೇಕು.

ಮುಂದೆ ಹೋಗುವುದೋ ಹಿಂದಿರುಗುವುದೋ ಎಂಬ ನಿರ್ಧಾರಕ್ಕೆ ವಿಷನ್‌ಸರ್ ಸರಿಯಾದ ಜಾಗ. ಅಲ್ಲಿಂದ ನಿಚನಾಯ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ದಾಟಿ ಬಂದ ದಾರಿಯಲ್ಲೇ ವಾಪಸಾಗಬಹುದು. ಗಡ್‌ಸರ್ ಪಾಸ್ ಇಳಿದ ಮೇಲೆ ಹಿಂದೆ ಅದೇ ಪಾಸ್, ಮುಂದೆ ಝಚ್ ಪಾಸ್, ಎರಡೂ ಎತ್ತರದವೇ. ತಂಡದಲ್ಲಿ ಒಬ್ಬರಿಗೆ ಅನುಮಾನವಿದ್ದರೂ ಇಲ್ಲೇ ಬಾಯಿಬಿಟ್ಟು ಹೇಳಲಿ. ನಮ್ಮವರು ಸಂಕೋಚಕ್ಕೆ ‘ಏನಿಲ್ಲ, ಪರವಾಗಿಲ್ಲ’ ಅಂದುಬಿಡುವುದೇ ಹೆಚ್ಚು.

ಗಡ್‌ಸರ್ ದಿನವನ್ನೇ ಲೆಕ್ಕ ಹಾಕಿ ನೋಡೋಣ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ನಿಯಮ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಿಷನ್‌ಸರ್‌ನಿಂದ ಸುಮಾರು 4,200 ಮೀಟರಿನ ಪಾಸಿಗೆ ಏರು 530 ಮೀಟರ್. ದಿನದ ದೂರ 15 ಕಿ.ಮೀ. ಎಂದುಕೊಂಡರೆ ಮೂರು ಗಂಟೆ, ಜೊತೆಗೆ ಏರಿಗೆ ಐವತ್ಮೂರು ನಿಮಿಷ, ಹತ್ತಿರ ಹತ್ತಿರ ನಾಲ್ಕು ಗಂಟೆ. ಇದು ಗಟ್ಟಿಗರು ಹಗುರ ಹೊರೆಯಲ್ಲಿ ನಡೆಯುವ ಲೆಕ್ಕ. ತೆಳು ಗಾಳಿ, ಬೆನ್ನ ಮೇಲಿನ ತೂಕ, ಜಾರುವ ಇಳಿಜಾರು ಸೇರಿದರೆ ಅದನ್ನು ದುಪ್ಪಟ್ಟು ಮಾಡಿಕೊಳ್ಳುವುದೇ ಒಳ್ಳೆಯದು: ಎಂಟು ಗಂಟೆ. ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗುವುದು ಬೆಟ್ಟದಲ್ಲಿ ಮಾಮೂಲು. ಅಷ್ಟರೊಳಗೆ ಪಾಸ್ ದಾಟಿರಬೇಕಾದರೆ ಬೆಳಿಗ್ಗೆ ಆರೂವರೆಗೆಲ್ಲ ಟೆಂಟ್ ಮಡಚಿರಬೇಕು.

ಊಟದ ವಿಷಯ. 3,600 ಮೀಟರಿನಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯಿಸಲು ಹೊರಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಗಟ್ಟಿಯಾಗೇ ಇರುತ್ತದೆ. ಬೇಯಿಸಬೇಕಿಲ್ಲದ ಅವಲಕ್ಕಿ, ಹುರಿಹಿಟ್ಟು ಇಲ್ಲಿ ಗೆಲ್ಲುತ್ತವೆ. ನೂರು ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಅಷ್ಟೇ ಶೇಂಗಾದಲ್ಲಿ 560. ತೂಕ ಇಳಿಸಬೇಕೆಂದರೆ ಶೇಂಗಾ, ಬೆಲ್ಲ, ಕೊಬ್ಬರಿ ಹೆಚ್ಚಿಸಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಶ್ರೀನಗರದಲ್ಲೇ ಕೊಳ್ಳಬೇಕು. ಹೊರೆ ದೇಹತೂಕದ ಐದನೇ ಒಂದು ಭಾಗ ಮೀರಿದರೆ ಕುದುರೆಯವರನ್ನು ಗೊತ್ತುಮಾಡಿಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಬಟ್ಟೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. ಜೀನ್ಸ್ ಬೇಡ, ಮಳೆಯಂಗಿ ಬೇಕು, ಒಂದು ಜೊತೆ ಉಣ್ಣೆ ಕಾಲುಚೀಲ ಮಲಗಲೆಂದೇ ಒಣಗಿರಲಿ.

ಕಾಲ: ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಪೀರ್ ಪಂಜಾಲ್ ಸಾಲು ಮುಂಗಾರನ್ನು ಬಹುಪಾಲು ತಡೆಯುವುದರಿಂದ ನಮ್ಮ ಮಲೆನಾಡು ತೊಯ್ಯುವಾಗಲೂ ಅಲ್ಲಿ ನಡೆಯಬಹುದು. ಜುಲೈ ಆರಂಭದಲ್ಲಿ ಪಾಸ್‌ಗಳ ಮೇಲೆ ಹಿಮ ಉಳಿದಿರುತ್ತದೆ, ಹೂವು ಬೇಕಾದವರು ಆಗಸ್ಟ್‌ಗೆ ಹೋಗಲಿ.

ಗಡಿ ನಿಯಂತ್ರಣ ರೇಖೆ ಹತ್ತಿರವಿರುವುದರಿಂದ ದಾರಿಯಲ್ಲಿ ಸೇನೆಯವರು ಗುರುತಿನ ಚೀಟಿ ನೋಡುತ್ತಾರೆ, ಮೂಲ ಆಧಾರ್ ಕೈಗೆಟುಕುವಂತಿರಲಿ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಣಿವೆಯ ಹಲವು ತಾಣಗಳನ್ನು ಮುಚ್ಚಿದ್ದರು. ದಾರಿ ತೆರೆದಿದೆಯೇ, ಅನುಮತಿ ಸಿಗುತ್ತದೆಯೇ ಎಂದು ಖಚಿತವಾದ ಮೇಲೆಯೇ ವಿಮಾನದ ಟಿಕೆಟ್ ಮಾಡಿ. ವಿದೇಶದಿಂದ ಬರುವ ಗೆಳೆಯರು ಸ್ಯಾಟಲೈಟ್ ಫೋನ್ ತರಬೇಡಿ, ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧ.

ಕೊನೆಯ ದಿನ ಗಂಗಬಲ್‌ನಿಂದ ನಾರಾನಾಗ್‌ಗೆ 1,300 ಮೀಟರಿನಷ್ಟು ಇಳಿತ, ಮಂಡಿಗೆ ಕಠಿಣ. ಕೋಲು ಇದ್ದರೆ ಒಳ್ಳೆಯದು. ಅದೇ ಸಂಜೆಯ ವಿಮಾನ ಹಿಡಿಯುವ ಆಸೆ ಬಿಟ್ಟು, ಅಲ್ಲಿನ ಹಳೆಯ ಕಲ್ಲಿನ ಗುಡಿಗಳನ್ನು ನೋಡಿಕೊಂಡು ಶ್ರೀನಗರಕ್ಕೆ ಹೋಗಿ, ಟಿಕೆಟ್ ಮರುದಿನಕ್ಕೆ ಇಟ್ಟುಕೊಳ್ಳಿ.