ಗೆದ್ದೆತ್ತಿನ ಬಾಲ, ಹಳದಿ ಚೌಕ

ನಾರ್ತ್ ಕೆರೊಲಿನಾದಲ್ಲಿ ಕಾರಿನ ಹಿಂದೆ ಮಾತ್ರ ನಂಬರ್ ಪ್ಲೇಟ್ ಇದ್ದರೆ ಸಾಕು. ಮುಂದಿನ ಜಾಗ ಖಾಲಿ. ಅಲ್ಲಿ ಜನ ತಮಗೆ ಬೇಕಾದ್ದು ತಗುಲಿಸಿಕೊಳ್ಳುತ್ತಾರೆ. ನಮ್ಮ ಪಕ್ಕದ ಮನೆಯವರ ಕಾರಿನ ಮುಂದಿರುವ ಪ್ಲೇಟು ನಡುವೆ ಸೀಳಿದ ಹಾಗಿದೆ. ಅರ್ಧ ಗಾಢ ನೀಲಿ, ಅರ್ಧ ಆಕಾಶ ನೀಲಿ. ಕೆಳಗೆ 'ಇಬ್ಭಾಗವಾದ ಮನೆ' ಅನ್ನೋ ಅರ್ಥದ ಬರಹ. ಗಂಡ ಓದಿದ್ದು ಡ್ಯೂಕ್ ಯೂನಿವರ್ಸಿಟಿಯಲ್ಲಿ, ಹೆಂಡತಿ ಓದಿದ್ದು ಚಾಪೆಲ್ ಹಿಲ್‌ನ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾದಲ್ಲಿ. ಎರಡೂ ಕ್ಯಾಂಪಸ್ಸುಗಳ ನಡುವೆ ಹತ್ತು ಮೈಲಿ ಆಸುಪಾಸು ದೂರ. ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಅವರಿಬ್ಬರ ನಡುವೆ ಬೇರೆ ಜಗಳ ನಾನು ಕಂಡಿಲ್ಲ.

ನನ್ನ ಕಸುಬು ರ‍್ಯಾಂಕಿಂಗ್. ಹಾಸನದ ಕಡೆಯವನು, ಇಲ್ಲಿನ ರಿಸರ್ಚ್ ಟ್ರಯಾಂಗಲ್‌ನಲ್ಲಿ ಡೇಟಾ ಕೆಲಸ ಮಾಡುತ್ತೇನೆ. ಯಾವುದನ್ನಾದರೂ ಒಂದರ ಕೆಳಗೊಂದು ಜೋಡಿಸಬೇಕು ಅಂದರೆ ಆ ಫೈಲು ನನ್ನ ಮೇಜಿಗೆ ಬರುತ್ತದೆ. ಹಾಗಾಗಿ ಪಕ್ಕದ ಮನೆಯವರು ಒಂದು ದಿನ ಬೇಲಿ ಹತ್ತಿರ ನಿಲ್ಲಿಸಿ ಕೇಳಿದರು: "ನೀನು ಯಾವ ಕಡೆಯವನೂ ಅಲ್ಲ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಯಾರ ಪ್ರೋಗ್ರಾಂ ದೊಡ್ಡದು, ಲೆಕ್ಕ ಹಾಕಿ ಹೇಳು."

ಪ್ರೋಗ್ರಾಂ ಅನ್ನೋ ಪದ ಗಮನಿಸಿ. ಅಮೆರಿಕದವರು ಇಲ್ಲಿ ತಂಡ ಅನ್ನೋದಿಲ್ಲ. ತಂಡ ಪ್ರತಿ ವರ್ಷ ಬದಲಾಗುತ್ತದೆ. 2006ರಿಂದೀಚೆಗೆ ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ, ಅಂದರೆ ಇಲ್ಲಿನ ವೃತ್ತಿಪರ ಲೀಗಿಗೆ, ಹಾರುವ ಹಾಗಿಲ್ಲ. ಅದಕ್ಕೇ ಒಳ್ಳೆಯ ಹುಡುಗರು ಕಾಲೇಜಿನಲ್ಲಿ ಒಂದೇ ವರ್ಷ ಇದ್ದು ಹೋಗಿಬಿಡುತ್ತಾರೆ. ಉಳಿಯೋದು ಕೋಚ್, ಅಂಗಣ, ದುಡ್ಡು, ಛಾವಣಿಗೆ ನೇತುಹಾಕಿದ ಬಾವುಟಗಳು, ಮೂರು ತಲೆಮಾರಿನ ಅಭಿಮಾನಿಗಳು. ಅದೆಲ್ಲ ಸೇರಿದರೆ ಪ್ರೋಗ್ರಾಂ. ನಾವು ಮಠ ಅನ್ನೋ ಹಾಗೆ. ಸ್ವಾಮಿಗಳು ಬದಲಾಗುತ್ತಾರೆ, ಮಠ ಇರುತ್ತದೆ.

ಈ ಕಸುಬಿನಲ್ಲಿ ನನಗೆ ಮೊದಲ ಪೆಟ್ಟು ಬಿದ್ದದ್ದು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ. ಬಿಡಿಭಾಗ ಪೂರೈಸುವವರನ್ನು ಅಂಕ ಹಾಕಿ ಜೋಡಿಸಿ ಕೊಟ್ಟೆ. ಮೇಲಿನವರು ನೋಡಿದರು. "ಇವರು ಮೂರನೇದಾ? ತೂಕ ಸ್ವಲ್ಪ ತಿರುಗಿಸಿ" ಅಂದರು. ತಿರುಗಿಸಿದೆ. ಎರಡನೇದಾಯ್ತು. ಇನ್ನೊಂದು ಸಲ ತಿರುಗಿಸಿದ ಮೇಲೆ ಅದೇ ಪೂರೈಕೆದಾರರು ಮೇಲೆ ಬಂದರು. "ಈಗ ಸರಿಯಾಯ್ತು ನೋಡಿ" ಅಂದರು. ಉತ್ತರ ಮೊದಲೇ ಇತ್ತು, ಲೆಕ್ಕ ಆಮೇಲೆ ಬಂತು. ಅವತ್ತಿಂದ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಎಲ್ಲಿಂದ ಎಣಿಸಬೇಕು, ಯಾವುದಕ್ಕೆ ಎಷ್ಟು ತೂಕ ಅನ್ನೋದನ್ನು ಒಟ್ಟು ಮೊತ್ತ ನೋಡುವ ಮೊದಲೇ ಬರೆದಿಡುತ್ತೇನೆ, ಕಾರಣದ ಜೊತೆಗೆ. ಫೈಲಿನಲ್ಲಿ ಆ ಚೌಕಗಳಿಗೆ ಹಳದಿ ಬಣ್ಣ ಬಳಿಯುತ್ತೇನೆ, ಯಾರ ಕಣ್ಣೂ ತಪ್ಪದ ಹಾಗೆ.

ಮೊದಲ ಹಳದಿ ಚೌಕ: ಎಲ್ಲಿಂದ ಶುರು? ದೇಶದ ಕಾಲೇಜು ತಂಡಗಳು ಕಪ್‌ಗಾಗಿ ಆಡುವ ಎನ್‌ಸಿಎಎ ಟೂರ್ನಿ ನಡೆಯುತ್ತಿರುವುದು 1939ರಿಂದ. ಅಲ್ಲಿಂದ ಎಣಿಸಿದರೆ ಲಾಸ್ ಏಂಜಲೀಸ್‌ನ ಯುಸಿಎಲ್ಎ 11 ಕಪ್ ಇಟ್ಟುಕೊಂಡು ಕೂತಿದೆ. ಅದರಲ್ಲಿ 10 ಕಪ್ ಜಾನ್ ವುಡನ್ ಅನ್ನೋ ಒಬ್ಬ ಕೋಚ್ 1964ರಿಂದ 1975ರ ಒಳಗೆ ಗೆದ್ದದ್ದು. ಅವುಗಳಲ್ಲಿ ಏಳು ಸತತವಾಗಿ. ನಮ್ಮ ಕಡೆ ಬಾಂಬೆ 15 ವರ್ಷ ಬಿಡದೆ ರಣಜಿ ಗೆದ್ದ ಹಾಗೆ. ಒಂದು ಮಜಾ ಹೇಳುತ್ತೇನೆ. ಬಾಂಬೆಯ ಸರಪಳಿಯನ್ನು ಕರ್ನಾಟಕ ಮುರಿದದ್ದು 1973-74ರ ಸೀಸನ್ನಿನ ಸೆಮಿಫೈನಲ್‌ನಲ್ಲಿ. ಅದೇ 1973-74ರ ಸೀಸನ್ನಿನ ಸೆಮಿಫೈನಲ್‌ನಲ್ಲೇ ಯುಸಿಎಲ್ಎ ಸರಪಳಿಯೂ ಮುರಿಯಿತು. ಮುರಿದದ್ದು ನಮ್ಮ ಊರ ಪಕ್ಕದ ರಾಲಿಯ ಎನ್‌ಸಿ ಸ್ಟೇಟ್. ಇದನ್ನು ಆಫೀಸಿನಲ್ಲಿ ಹೇಳಿದರೆ ಯಾರಿಗೂ ಅರ್ಧ ಕತೆ ಗೊತ್ತಿರೋದಿಲ್ಲ.

ಆದರೆ ವುಡನ್ ಕಾಲದ ಟೂರ್ನಿಯೇ ಬೇರೆ. ತಂಡಗಳು ಕಡಿಮೆ, ಆಡಬೇಕಾದ ಪಂದ್ಯಗಳೂ ಕಡಿಮೆ. 1985ರಲ್ಲಿ 64 ತಂಡಗಳಾದವು. ಆಮೇಲಿನ ಸೀಸನ್ನಿನಲ್ಲಿ ಇಂತಿಷ್ಟು ಸೆಕೆಂಡಿನೊಳಗೆ ಶಾಟ್ ಹಾಕಲೇಬೇಕು ಅನ್ನೋ ಶಾಟ್ ಕ್ಲಾಕ್ ಬಂತು, ಅದರ ಮುಂದಿನ ಸೀಸನ್ನಿನಲ್ಲಿ ದೂರದಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಗೆರೆ. 2011ರಿಂದ 68 ತಂಡ. 1985ರಿಂದ ಇಂದಿನವರೆಗೆ ಹೆಚ್ಚಿನ ತಂಡಗಳು ಕಪ್ ಬೇಕು ಅಂದರೆ ಸಾಲಾಗಿ ಆರು ಪಂದ್ಯ ಗೆಲ್ಲಬೇಕು. ಒಂದು ಸೋತರೆ ಮನೆಗೆ. ಹಾಗಾಗಿ ನಾನು 1985 ಅಂತ ಬರೆದೆ. ಕೊನೆಯ ಸಾಲು 2025ರ ಟೂರ್ನಿ. 2020ರಲ್ಲಿ ಕೋವಿಡ್‌ನಿಂದ ಟೂರ್ನಿ ನಡೆಯಲಿಲ್ಲ. ಒಟ್ಟು 40 ಟೂರ್ನಿ.

ಎರಡನೇ ಹಳದಿ ಚೌಕ ಹೆಚ್ಚು ತಲೆನೋವಿನದ್ದು: ಕಪ್‌ಗೆ ಎಷ್ಟು ತೂಕ? ಸುಮ್ನೆ ಕಪ್ ಮಾತ್ರ ಎಣಿಸೋದು ಗೆದ್ದೆತ್ತಿನ ಬಾಲ ಹಿಡಿದ ಹಾಗೆ. ಒಂದು ಸಣ್ಣ ಗುಣಾಕಾರ ಮಾಡಿ. ಒಂದು ತಂಡ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 80 ಅಂತ ಇಟ್ಟುಕೊಳ್ಳಿ. ಒಳ್ಳೇ ತಂಡ ಅಲ್ವಾ? ಆರೂ ಗೆಲ್ಲುವ ಸಾಧ್ಯತೆ ನೂರಕ್ಕೆ 26 ಮಾತ್ರ. ನೂರಕ್ಕೆ 90 ಇದ್ದರೂ 53. ಅಂದರೆ ಭಯಂಕರ ತಂಡ ಕೂಡ ಎರಡು ಸಲಕ್ಕೆ ಒಂದು ಸಲ ಬರಿಗೈಲಿ ಬರುತ್ತದೆ. 2015ರಲ್ಲಿ ಕೆಂಟಕಿ 38 ಪಂದ್ಯ ಗೆದ್ದು, ಒಂದೂ ಸೋಲದೆ ಸೆಮಿಫೈನಲ್‌ಗೆ ಬಂದು ವಿಸ್ಕಾನ್ಸಿನ್ ಕೈಲಿ ಸೋತಿತು. ಆ ತಂಡ ಕೆಟ್ಟದ್ದು ಅನ್ನೋಕಾಗುತ್ತಾ?

ಅದಕ್ಕೇ ಫೈನಲ್ ಫೋರ್ ಎಣಿಸಬೇಕು. ಕೊನೆಯ ನಾಲ್ಕು ತಂಡಗಳು ಒಂದೇ ಊರಿಗೆ ಬಂದು ಆಡುವ ವಾರಾಂತ್ಯ ಅದು. ಅಲ್ಲಿಗೆ ಬಂದವರಲ್ಲಿ ಯಾರೂ ಸಣ್ಣವರಲ್ಲ. ನಾಲ್ಕೂ ಸಮಬಲ ಅಂದುಕೊಂಡರೆ ಕಪ್ ಸಿಗುವ ಸಾಧ್ಯತೆ ನಾಲ್ಕಕ್ಕೊಂದು. ಹಾಗಾಗಿ ಒಂದು ಕಪ್ ಅಂದರೆ ನಾಲ್ಕು ಫೈನಲ್ ಫೋರ್‌ಗೆ ಸಮ. ಸುಮ್ಮನೆ ಫೈನಲ್ ಫೋರ್‌ಗೆ ಬಂದರೆ 1 ಅಂಕ, ಕಪ್ ಗೆದ್ದರೆ ಆ 1 ಸೇರಿ ಒಟ್ಟು 4. ಇಷ್ಟು ಬರೆದಿಟ್ಟ ಮೇಲೆ ಎಣಿಸೋಕೆ ಕೂತೆ.

ಡ್ಯೂಕ್ 14 ಸಲ ಫೈನಲ್ ಫೋರ್‌ಗೆ ಬಂದು 5 ಕಪ್ ಗೆದ್ದಿದೆ: 29 ಅಂಕ. ಕನೆಕ್ಟಿಕಟ್, ಎಲ್ಲರ ಬಾಯಲ್ಲಿ ಯುಕಾನ್, 25. ನಾರ್ತ್ ಕೆರೊಲಿನಾ 24. ಕ್ಯಾನ್ಸಸ್ 19, ಕೆಂಟಕಿ 17, ಫ್ಲೋರಿಡಾ 15, ವಿಲನೋವಾ 14, ಮಿಷಿಗನ್ ಸ್ಟೇಟ್ 11. ಕ್ಯಾನ್ಸಸ್‌ನ 2018ರ ಫೈನಲ್ ಫೋರ್ ಅನ್ನು ಆಮೇಲೆ ದಾಖಲೆಯಿಂದ ಅಳಿಸಿದ್ದಾರೆ. ನಾನು ಅಳಿಸಿಲ್ಲ. ಆಡಿದ್ದನ್ನು ಜನ ನೋಡಿದ್ದಾರೆ. ಲೂಯಿವಿಲ್‌ನ 2013ರ ಕಪ್ಪಿಗೂ ಅದೇ ಗತಿ ಆಗಿತ್ತು. ಅದನ್ನು ಸೇರಿಸಿದರೂ ಮೇಲಿನ ಐದರ ಹತ್ತಿರ ಬರೋದಿಲ್ಲ, ಬಿಡಿ.

ಯುಕಾನ್ ಹತ್ತಿರ ಸ್ವಲ್ಪ ನಿಲ್ಲಬೇಕು. ಅದು 2025ರವರೆಗೆ 7 ಸಲ ಫೈನಲ್ ಫೋರ್‌ಗೆ ಹೋಗಿ 6 ಸಲ ಕಪ್ ತಂದಿದೆ. ಬರಿಗೈಲಿ ಬಂದದ್ದು 2009ರಲ್ಲಿ ಒಂದೇ ಸಲ. ಸ್ಟೋರ್ಸ್ ಅನ್ನೋ ಪುಟ್ಟ ಊರಿನ ಕಾಲೇಜು. ಜಿಮ್ ಕ್ಯಾಲ್ಹೂನ್ 1986ರಲ್ಲಿ ಕೋಚ್ ಆಗಿ ಬರುವಾಗ ದೇಶಕ್ಕೆ ಅದರ ಹೆಸರು ಅಷ್ಟಕ್ಕಷ್ಟೇ. 2011ರಲ್ಲಿ ತಮ್ಮ ಲೀಗಿನಲ್ಲಿ, ಅಂದರೆ ಕೆಲವು ಕಾಲೇಜುಗಳು ತಮ್ಮೊಳಗೆ ಆಡುವ ಗುಂಪಿನಲ್ಲಿ, 9 ಗೆದ್ದು 9 ಸೋತಿದ್ದ ತಂಡ, ಕೆಂಬಾ ವಾಕರ್ ಅನ್ನೋ ಆಟಗಾರನ ಬೆನ್ನೇರಿ ಐದು ದಿನದಲ್ಲಿ ಐದು ಪಂದ್ಯ ಗೆದ್ದು ಲೀಗ್ ಟೂರ್ನಿ ಹೊಡೆಯಿತು. ಆಮೇಲೆ ಇನ್ನಾರು ಗೆದ್ದು ಕಪ್ಪನ್ನೂ ತಂತು. 2013ರಲ್ಲಿ ಆಟಗಾರರ ಓದಿನ ಅಂಕ ಸಾಲದೆ ಟೂರ್ನಿಗೇ ಪ್ರವೇಶ ಇಲ್ಲ. ಮರುವರ್ಷ ಏಳನೇ ಸೀಡ್ ಆಗಿ ಬಂದು ಕಪ್. ಸೀಡ್ ಅಂದರೆ ಟೂರ್ನಿಗೆ ಮೊದಲೇ ತಂಡದ ಬಲ ನೋಡಿ ಕೊಡುವ ಸ್ಥಾನ, ಸಂಖ್ಯೆ ದೊಡ್ಡದಾದಷ್ಟೂ ತಂಡ ಸಣ್ಣದು. 2023, 2024ರಲ್ಲಿ ಕೋಚ್ ಡ್ಯಾನ್ ಹರ್ಲಿ ಕೈಕೆಳಗೆ ಹನ್ನೆರಡು ಪಂದ್ಯ, ಒಂದರಲ್ಲೂ ಗೆಲುವಿನ ಅಂತರ ಹತ್ತು ಪಾಯಿಂಟಿಗಿಂತ ಕಡಿಮೆ ಇಲ್ಲ. ಇಂಥದ್ದು ನಾನು ನೋಡಿರಲಿಲ್ಲ. ಹೆಣ್ಣುಮಕ್ಕಳ ತಂಡದ 12 ಕಪ್ ಸೇರಿಸಿದರೆ ಈ ಅಂಕಣವೇ ಬೇಕಾಗಿರಲಿಲ್ಲ.

ಹಾಗಾದರೆ ಯುಕಾನ್ ಯಾಕೆ ಮೇಲಿಲ್ಲ? ಹಳದಿ ಚೌಕದಲ್ಲಿ ಕಪ್ಪಿಗೆ 4ರ ಬದಲು 8 ಹಾಕಿ ನೋಡಿದೆ. ಡ್ಯೂಕ್ 49, ಯುಕಾನ್ 49. ಸರಿಸಮ. 9 ಹಾಕಿದರೆ ಯುಕಾನ್ ಮೇಲೆ. ಒಂದು ಕಪ್ ಎಂಟಕ್ಕಿಂತ ಜಾಸ್ತಿ ಫೈನಲ್ ಫೋರ್‌ಗೆ ಸಮ ಅಂತ ನೀವು ನಂಬಿದರೆ ಯುಕಾನ್ ನಿಮ್ಮ ನಂಬರ್ ಒನ್. ನಂಬೋದು ತಪ್ಪಲ್ಲ. ಹಾಗಂತ ಬಾಯಿಬಿಟ್ಟು ಹೇಳಿ, ಅಷ್ಟೇ. ಇತ್ತ ಕಪ್ಪಿಗೆ 3 ಅಂಕ ಅಂದರೆ ನಾರ್ತ್ ಕೆರೊಲಿನಾ 20, ಯುಕಾನ್ 19. ಎರಡನೇ ಮೂರನೇ ಸ್ಥಾನ ಅದಲುಬದಲು. ಒಂದು ಅಂಕದ ವ್ಯತ್ಯಾಸವನ್ನು ನನ್ನ ಕಸುಬಿನವರು ವ್ಯತ್ಯಾಸ ಅಂತ ಕರೆಯೋದೇ ಇಲ್ಲ.

ಇನ್ನೊಂದು ಕಾಲಂ ಸೇರಿಸಿದೆ. ಇದಕ್ಕೆ ಅಂಕ ಇಲ್ಲ, ಸುಮ್ನೆ ಓದಿ ನೋಡೋಕೆ. ಕಪ್ ಗೆದ್ದ ಕೋಚ್‌ಗಳು ಎಷ್ಟು ಜನ? ಕೆಂಟಕಿಯ 3 ಕಪ್ ಮೂವರು ಕೋಚ್‌ಗಳದ್ದು: 1996ರಲ್ಲಿ ರಿಕ್ ಪಿಟಿನೊ, 1998ರಲ್ಲಿ ಟಬ್ಬಿ ಸ್ಮಿತ್, 2012ರಲ್ಲಿ ಜಾನ್ ಕ್ಯಾಲಿಪಾರಿ. ಯುಕಾನ್‌ಗೂ ಮೂವರು. ಕ್ಯಾನ್ಸಸ್‌ಗೆ ಇಬ್ಬರು. ನಾರ್ತ್ ಕೆರೊಲಿನಾಕ್ಕೂ ಇಬ್ಬರು, ಅದರ ಜೊತೆಗೆ ಕಪ್ ಇಲ್ಲದಿದ್ದರೂ ಫೈನಲ್ ಫೋರ್ ಮುಟ್ಟಿಸಿದ ಇನ್ನಿಬ್ಬರು. ಡ್ಯೂಕ್‌ಗೆ? ಐದೂ ಕಪ್ ಒಬ್ಬರದ್ದೇ. ಮೈಕ್ ಶಶೆಫ್‌ಸ್ಕಿ. ಇಂಗ್ಲಿಷಿನಲ್ಲಿ ಆ ಹೆಸರು ಬರೆಯೋಕೆ ಹೋಗಿ ಸೋತವರೆಲ್ಲ ಕೋಚ್ ಕೆ ಅಂತಾರೆ. 1980ರಲ್ಲಿ ಬಂದವರು 2022ರವರೆಗೆ ಇದ್ದರು. ಹಾಗಾಗಿ ನನ್ನ ಫೈಲಿನಲ್ಲಿ ಡ್ಯೂಕ್ ಪಕ್ಕ ಒಂದು ಸಣ್ಣ ನಕ್ಷತ್ರ ಇದೆ. ಇದು ಪ್ರೋಗ್ರಾಂನ ಗತ್ತಾ, ಒಬ್ಬ ಮನುಷ್ಯನ ಗತ್ತಾ? 2025ರಲ್ಲಿ ಅವರ ಶಿಷ್ಯ ಜಾನ್ ಶೈಯರ್ ಫೈನಲ್ ಫೋರ್‌ಗೆ ಕರೆದೊಯ್ದ ಮೇಲೆ ನಕ್ಷತ್ರ ಸ್ವಲ್ಪ ಮಸುಕಾಗಿದೆ.

ಗತ್ತು ಅನ್ನೋದು ಅಂಕದಲ್ಲಿ ಪೂರ್ತಿ ಸಿಗೋದಿಲ್ಲ ಅನ್ನೋದಕ್ಕೆ ಕ್ಯಾನ್ಸಸ್ ಸಾಕ್ಷಿ. ಈ ಆಟ ಕಂಡುಹಿಡಿದ ಜೇಮ್ಸ್ ನೇಸ್ಮಿತ್ ಅವರೇ ಅಲ್ಲಿನ ಮೊದಲ ಕೋಚ್. ಅಲ್ಲಿನ ಕೋಚ್‌ಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಇರುವವರೂ ಅವರೊಬ್ಬರೇ. ಅವರು 1891ರಲ್ಲಿ ಟೈಪ್ ಮಾಡಿಸಿದ 13 ನಿಯಮಗಳ ಮೂಲ ಹಾಳೆಗಳು ಈಗ ಆ ಕ್ಯಾಂಪಸ್ಸಿನಲ್ಲೇ ಇವೆ. ಕ್ಯಾನ್ಸಸ್‌ನ ಹಳೇ ವಿದ್ಯಾರ್ಥಿಯೊಬ್ಬರು 2010ರ ಹರಾಜಿನಲ್ಲಿ 43 ಲಕ್ಷ ಡಾಲರ್ ಕೊಟ್ಟು ಕೊಂಡದ್ದು. ಎರಡು ಹಾಳೆಗೆ ಅಷ್ಟು ದುಡ್ಡು ಸುರಿಯುವ ಅಭಿಮಾನಕ್ಕೆ ನಾನು ಯಾವ ಕಾಲಂ ಹಾಕಲಿ? 2005ರಿಂದ 2018ರವರೆಗೆ 14 ವರ್ಷ ಸಾಲಾಗಿ ತಮ್ಮ ಲೀಗ್ ಗೆದ್ದದ್ದಕ್ಕೂ ನನ್ನ ಲೆಕ್ಕದಲ್ಲಿ ಒಂದು ಅಂಕವೂ ಇಲ್ಲ.

ಕೆಂಟಕಿಯದ್ದು ಉಲ್ಟಾ ಕತೆ. ಅವರ ಗತ್ತು ಸೋತಾಗ ಕಾಣುತ್ತದೆ. 2022ರಲ್ಲಿ 15ನೇ ಸೀಡ್ ಸೇಂಟ್ ಪೀಟರ್ಸ್ ಕೈಲಿ ಸೋತರು, 2024ರಲ್ಲಿ 14ನೇ ಸೀಡ್ ಓಕ್‌ಲ್ಯಾಂಡ್ ಕೈಲಿ. ಬೇರೆ ಯಾರಾದರೂ ಆಗಿದ್ದರೆ ಎರಡು ದಿನದ ಸುದ್ದಿ. ಅಲ್ಲಿ ಇಡೀ ರಾಜ್ಯಕ್ಕೆ ಸೂತಕ. ಆ ಎರಡನೇ ಸೋಲಾದ ಕೆಲವೇ ವಾರಗಳಲ್ಲಿ ಕ್ಯಾಲಿಪಾರಿ ಗಂಟುಮೂಟೆ ಕಟ್ಟಿ ಆರ್ಕನ್ಸಾಗೆ ಹೊರಟರು.

ಇನ್ನು ಪಕ್ಕದ ಮನೆಯ ವಿಷಯ. 2022ರ ಏಪ್ರಿಲ್ 2ರ ರಾತ್ರಿ ಫೈನಲ್ ಫೋರ್‌ನಲ್ಲಿ ಡ್ಯೂಕ್‌ಗೂ ನಾರ್ತ್ ಕೆರೊಲಿನಾಕ್ಕೂ ಪಂದ್ಯ. ನೂರು ವರ್ಷದ ಜಗಳ, ಆದರೆ ಎನ್‌ಸಿಎಎ ಟೂರ್ನಿಯಲ್ಲಿ ಎದುರುಬದುರಾದದ್ದು ಅದೇ ಮೊದಲು. ಸೋತರೆ ಕೋಚ್ ಕೆ ಅವರ ಕೊನೆಯ ಪಂದ್ಯ. ಗಂಡ ಹೆಂಡತಿ ಒಂದೇ ಸೋಫಾದಲ್ಲಿ ಕೂರೋದು ಬೇಡ ಅಂತ ತೀರ್ಮಾನ ಮಾಡಿದ್ದರು. ಆಕೆ ಕೆಳಗೆ ಕೇಬಲ್ ಟಿವಿಯಲ್ಲಿ. ಆತ ಮಹಡಿಯ ಮೇಲೆ ಲ್ಯಾಪ್‌ಟಾಪಿನಲ್ಲಿ. ಇಂಟರ್ನೆಟ್ ಪ್ರಸಾರ ಅರ್ಧ ನಿಮಿಷ ಹಿಂದೆ ಓಡುತ್ತದೆ ಅನ್ನೋದು ಆತನಿಗೆ ಹೊಳೆದಿರಲಿಲ್ಲ. ಕೊನೆಯ ಅರ್ಧ ನಿಮಿಷದಲ್ಲಿ ನಾರ್ತ್ ಕೆರೊಲಿನಾದ ಕೇಲಬ್ ಲವ್ ಮೂರು ಪಾಯಿಂಟಿನ ಶಾಟ್ ಹಾಕಿದ. ಕೆಳಗಿಂದ ಕಿರುಚಾಟ ಕೇಳಿಸಿತು. ಮೇಲೆ ಆತನ ಪರದೆಯಲ್ಲಿ ಚೆಂಡು ಇನ್ನೂ ಕೇಲಬ್ ಕೈಗೇ ಬಂದಿರಲಿಲ್ಲ. 81-77. ಆ ಅರ್ಧ ನಿಮಿಷ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದೆ ಅಂತ ಆತನೇ ಹೇಳಿದ್ದು. ಎರಡು ದಿನದ ಮೇಲೆ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ 16 ಪಾಯಿಂಟ್ ಮುಂದಿದ್ದು ಕ್ಯಾನ್ಸಸ್‌ಗೆ ಸೋತಿತು. ಆಕೆಗೆ ಅಷ್ಟೇನೂ ಬೇಜಾರಾಗಲಿಲ್ಲ. ಬೇಕಾದ್ದು ಶನಿವಾರವೇ ಸಿಕ್ಕಿತ್ತು.

ಲೆಕ್ಕ ಮುಗಿಸಿ ಫೈಲನ್ನು ಇಬ್ಬರಿಗೂ ಕಳಿಸಿದೆ. ಕಪ್ಪಿನ ತೂಕ ಹೇಗೆ ಬದಲಿಸಿದರೂ ಆಕೆಗೆ ದಾರಿ ಇಲ್ಲ ಅಂತ ನನಗೆ ಗೊತ್ತಿತ್ತು. ಫೈನಲ್ ಫೋರ್ 14ಕ್ಕೆ 12, ಕಪ್ 5ಕ್ಕೆ 4. ಎರಡರಲ್ಲೂ ಡ್ಯೂಕ್ ಮುಂದೆ. ಆತ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ.

ಮಾರನೇ ದಿನ ಆಕೆ ಫೈಲು ವಾಪಸ್ ಕಳಿಸಿದಳು. ತೂಕ ಮುಟ್ಟಿರಲಿಲ್ಲ. ಮೊದಲ ಹಳದಿ ಚೌಕದಲ್ಲಿದ್ದ 1985 ಅಳಿಸಿ 1979 ಅಂತ ಹಾಕಿದ್ದಳು. ಪಕ್ಕದಲ್ಲಿ ಕಾರಣ, ನನ್ನ ಪದ್ಧತಿಯ ಪ್ರಕಾರವೇ: ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಎದುರಾದ ಫೈನಲ್, ದೇಶವೆಲ್ಲ ಟಿವಿ ಮುಂದೆ ಕೂತ ವರ್ಷ, ಟೂರ್ನಿಯ ಎಲ್ಲ ತಂಡಗಳಿಗೂ ಮೊದಲ ಸಲ ಸೀಡ್ ಕೊಟ್ಟ ವರ್ಷ. ಆಧುನಿಕ ಯುಗ ಶುರುವಾದದ್ದು ಅಲ್ಲಿಂದ ಅಂತ ವಾದ. ತಳ್ಳಿಹಾಕೋಕೆ ನನಗೆ ಕಾರಣ ಸಿಗಲಿಲ್ಲ.

ಆ ಆರು ವರ್ಷ ಹಿಂದಕ್ಕೆ ಹೋದರೆ ಡ್ಯೂಕ್‌ಗೆ ಸಿಗೋದು ಏನೂ ಇಲ್ಲ. ನಾರ್ತ್ ಕೆರೊಲಿನಾಕ್ಕೆ 1981ರ ಫೈನಲ್ ಫೋರ್ ಸಿಗುತ್ತದೆ. 1982ರ ಕಪ್ ಕೂಡ, ಮೈಕಲ್ ಜೋರ್ಡನ್ ಅನ್ನೋ ಮೊದಲ ವರ್ಷದ ಹುಡುಗ ಕೊನೆಯ ಶಾಟ್ ಹಾಕಿ ಜಾರ್ಜ್‌ಟೌನ್ ವಿರುದ್ಧ 63-62ಕ್ಕೆ ಗೆಲ್ಲಿಸಿದ್ದು. ಈಗ ಫೈನಲ್ ಫೋರ್ 14ಕ್ಕೆ 14, ಕಪ್ 5ಕ್ಕೆ 5. ಇಬ್ಬರಿಗೂ 29.

ಆತ ಇನ್ನೂ ಉತ್ತರ ಬರೆದಿಲ್ಲ.