ಪದ ಪರಿಚಯ: ಇನ್ವರ್ಟರ್ ಜನರೇಟರ್

ರಾಯಚೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ ‘ಇನ್ವರ್ಟರ್’ ಎಂದೊಡನೆ ಕಣ್ಣಮುಂದೆ ಬರುವುದು ಮನೆಯ ಮೂಲೆಯಲ್ಲಿ ಬ್ಯಾಟರಿಯ ಜೊತೆಗಿರುವ ಪೆಟ್ಟಿಗೆ. ಬಹಳ ಮಂದಿ ಅದನ್ನೇ ಯುಪಿಎಸ್ ಎಂದು ಕರೆಯುತ್ತಾರೆ. ‘ಜನರೇಟರ್’ ಎಂದರೆ ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ಅಂಗಡಿಗಳ ಹಿಂದೆ ನಿಂತು ಸದ್ದು ಮಾಡುವ ಯಂತ್ರ. ಈ ಎರಡು ಪದಗಳು ಕೂಡಿ ‘ಇನ್ವರ್ಟರ್ ಜನರೇಟರ್’ ಆದಾಗ, ಅದು ಬ್ಯಾಟರಿಯಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಂಡು ಆಮೇಲೆ ಕೊಡುವ ಜನರೇಟರ್ ಇರಬೇಕೆಂದು ಹಲವರು ಭಾವಿಸುತ್ತಾರೆ. ಈ ಯಂತ್ರದಲ್ಲಿ ಅಂಥ ಸಂಗ್ರಹವಿಲ್ಲ. ಪೆಟ್ರೋಲ್ ಮುಗಿದ ಕ್ಷಣದಲ್ಲೇ ವಿದ್ಯುತ್ತೂ ನಿಲ್ಲುತ್ತದೆ.

ಇನ್ವರ್ಟರ್ ಎಂಬುದರ ನಿಜವಾದ ಅರ್ಥ, ಒಂದೇ ದಿಕ್ಕಿಗೆ ಹರಿಯುವ ಡಿಸಿ ವಿದ್ಯುತ್ತನ್ನು ದಿಕ್ಕು ಬದಲಿಸುತ್ತ ಹರಿಯುವ ಎಸಿ ವಿದ್ಯುತ್ತಾಗಿ ಮಾಡುವ ಸಾಧನ ಎಂದು. ಇದಕ್ಕೆ ‘ಪರಿವರ್ತಕ’ ಎಂಬ ಕನ್ನಡ ಪದವನ್ನು ಬಳಸಬಹುದಿತ್ತು. ಆದರೆ ಪತ್ರಿಕೆಗಳಲ್ಲಿ ‘ವಿದ್ಯುತ್ ಪರಿವರ್ತಕ’ ಎಂದರೆ ಟ್ರಾನ್ಸ್‌ಫಾರ್ಮರ್, ನಮ್ಮ ರೈತರ ಬಾಯಲ್ಲಿ ‘ಟಿಸಿ’, ಎಂಬ ಅರ್ಥವೇ ನೆಲೆಯೂರಿದೆ. ಆದ್ದರಿಂದ ಗೊಂದಲ ಬೇಡವೆಂದು ಇಲ್ಲಿ ಇನ್ವರ್ಟರ್ ಎಂದೇ ಬರೆಯುತ್ತೇನೆ.

ಸಾಮಾನ್ಯ ಜನರೇಟರಿನಲ್ಲಿ ಎಂಜಿನ್ನಿನ ವೇಗಕ್ಕೂ ಹೊರಬರುವ ವಿದ್ಯುತ್ತಿನ ಆವರ್ತನಕ್ಕೂ, ಅಂದರೆ ಅದರ ಅಲೆ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದಕ್ಕೂ, ನೇರವಾದ ಗಂಟು ಬಿದ್ದಿರುತ್ತದೆ. ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್. ಜನರೇಟರಿನೊಳಗೆ ವಿದ್ಯುತ್ ಹುಟ್ಟಿಸುವ ಭಾಗವಾದ ಆಲ್ಟರ್ನೇಟರ್ ಎರಡು ಧ್ರುವಗಳದ್ದಾದರೆ ಒಂದು ಸುತ್ತಿಗೆ ಒಂದು ಆವರ್ತವನ್ನು ಉಂಟುಮಾಡುವುದರಿಂದ, ಸೆಕೆಂಡಿಗೆ 50 ಆವರ್ತ ಬರಬೇಕಾದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಉರಿಯುವುದು ಒಂದೇ ಬಲ್ಬ್ ಆಗಿದ್ದರೂ ಎಂಜಿನ್ ಅದೇ ವೇಗದಲ್ಲಿ, ಅದೇ ಸದ್ದಿನಲ್ಲಿ ಓಡುತ್ತದೆ. ಮಿಕ್ಸಿ ಹಾಕಿದಾಗ ಭಾರ ಹೆಚ್ಚಾಗಿ ವೇಗ 2850 ಸುತ್ತಿಗೆ ಇಳಿದರೆ ಆವರ್ತನವೂ 47.5 ಹರ್ಟ್ಸ್‌ಗೆ ಇಳಿಯುತ್ತದೆ.

ಇನ್ವರ್ಟರ್ ಜನರೇಟರ್ ಈ ಗಂಟನ್ನು ಬಿಚ್ಚುತ್ತದೆ. ಅದರಲ್ಲಿ ಹಲವು ಧ್ರುವಗಳ, ಶಾಶ್ವತ ಅಯಸ್ಕಾಂತಗಳ ಆಲ್ಟರ್ನೇಟರ್ ಮೊದಲು ಹೇಗೆಂದರೆ ಹಾಗೆ ಏರಿಳಿಯುವ ಆವರ್ತನದ ಎಸಿಯನ್ನು ಉತ್ಪಾದಿಸುತ್ತದೆ. ಅದು ಡಿಸಿ ಆಗಿ ಬದಲಾಗುತ್ತದೆ. ಆ ಡಿಸಿಯಿಂದ ಎಲೆಕ್ಟ್ರಾನಿಕ್ ಮಂಡಲವೊಂದು 50 ಹರ್ಟ್ಸ್‌ನ, ನಯವಾಗಿ ಏರಿಳಿಯುವ ಸೈನ್ ಅಲೆಯನ್ನು ಹೊಸದಾಗಿ ಕಟ್ಟಿ ಕೊಡುತ್ತದೆ. ಎಂಜಿನ್ ಯಾವ ವೇಗದಲ್ಲಿ ತಿರುಗಿದರೂ ಹೊರಬರುವ ಅಲೆಯ ಆವರ್ತನ ಬದಲಾಗದ ಕಾರಣ, ಭಾರ ಕಡಿಮೆ ಇದ್ದಾಗ ಎಂಜಿನ್ ನಿಧಾನವಾಗಿ ಓಡಬಹುದು. ಪೆಟ್ರೋಲ್ ಉಳಿತಾಯವೂ ಸದ್ದಿನ ಇಳಿಕೆಯೂ ಇದರಿಂದಲೇ ಬರುತ್ತವೆ. ಇಂಥ ಯಂತ್ರಗಳ ಮೇಲಿರುವ ‘ಇಕೋ’ ಗುಂಡಿ ಮಾಡುವ ಕೆಲಸವೂ ಇಷ್ಟೇ.

ಮಾರಾಟಗಾರರು ಈ ಯಂತ್ರದ ಬಗ್ಗೆ ಹೇಳುವ ‘ಶುದ್ಧ ವಿದ್ಯುತ್’ ಎಂಬ ಮಾತನ್ನು ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತನಾಡುವವರು, ಅಂದರೆ ಹ್ಯಾಮ್‌ಗಳು, ಎರಡಾಗಿ ಬಿಡಿಸಿ ನೋಡಬೇಕು. ಒಂದನೆಯದು ಅಲೆಯ ಆಕಾರದ ಶುದ್ಧಿ. ಅಲೆ ಎಷ್ಟರ ಮಟ್ಟಿಗೆ ಸೊಟ್ಟಗಾಗಿದೆ ಎಂಬುದನ್ನು ಶೇಕಡಾವಾರಿನಲ್ಲಿ ಹೇಳುವ ಟಿಎಚ್‌ಡಿ ಎಂಬ ಅಳತೆಯಿದೆ. ಒಳ್ಳೆಯ ಇನ್ವರ್ಟರ್ ಜನರೇಟರುಗಳಲ್ಲಿ ಅದು ಶೇ 3ರ ಆಸುಪಾಸಿನಲ್ಲಿದ್ದರೆ ಅಗ್ಗದ ಸಾಮಾನ್ಯ ಜನರೇಟರುಗಳಲ್ಲಿ ಶೇ 10ನ್ನೂ ಮೀರಬಹುದು. ಕಂಪ್ಯೂಟರಿಗೆ, ಟಿವಿಗೆ ಮುಖ್ಯವಾದದ್ದು ಈ ಶುದ್ಧಿ. ಎರಡನೆಯದು ರೇಡಿಯೊ ಮೌನ. ಸೈನ್ ಅಲೆಯನ್ನು ಕಟ್ಟುವ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತವೆ, ಮತ್ತು ಅದರಿಂದ ಹುಟ್ಟುವ ಗೊರಗೊರ ಸದ್ದು ಹ್ಯಾಮ್‌ಗಳು ಬಳಸುವ ತರಂಗಪಟ್ಟಿಗಳಲ್ಲಿ ಒಂದಾದ 7 ಮೆಗಾಹರ್ಟ್ಸ್‌ನ 40 ಮೀಟರ್ ಬ್ಯಾಂಡಿನಲ್ಲಿ ದೂರದ ಕ್ಷೀಣ ಸಂಕೇತವನ್ನು ಮುಚ್ಚಿಹಾಕಬಲ್ಲದು. ಶೇ 3ಕ್ಕಿಂತ ಕಡಿಮೆ ಟಿಎಚ್‌ಡಿ ಇರುವ ಯಂತ್ರವೂ ರೇಡಿಯೊದ ಕಿವಿಗೆ ಗದ್ದಲಗಾರನಾಗಿರಬಹುದು. ಕೈಪಿಡಿಯ ಟಿಎಚ್‌ಡಿ ಅಂಕಿಯನ್ನು ನಂಬಿ ಕೊಂಡುಬಿಡುವ ಹ್ಯಾಮ್‌ಗಳು ಕಷ್ಟಕ್ಕೆ ಸಿಲುಕುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಲು ದೊಡ್ಡ ಉಪಕರಣ ಬೇಕಿಲ್ಲ. ಶೆಲ್ ಹಾಕಿದ, ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಇರುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಒಂದನ್ನು ಒಯ್ದು, ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಜನರೇಟರನ್ನು ಶುರು ಮಾಡಿಸಿ, ಅದಕ್ಕೆ ಒಂದು ಬಲ್ಬಿನ ಭಾರ ಕೊಡಿಸಿ ಕೇಳಿಸಿಕೊಂಡರೆ ಸಾಕು. ಹತ್ತು ಹೆಜ್ಜೆ ದೂರ ಸರಿದಾಗ ಗದ್ದಲ ಬಹುಮಟ್ಟಿಗೆ ಕರಗಿದರೆ ಆ ಯಂತ್ರದೊಂದಿಗೆ ಬಾಳಬಹುದು. ಬಲ್ಬ್ ಮಾತ್ರ ಹಳೆಯ ಕಾಲದ, ತಂತಿ ಕಾಯುವ ಬಲ್ಬ್ ಆಗಿರಲಿ. ಅಗ್ಗದ ಎಲ್‌ಇಡಿ ಬಲ್ಬ್ ತಾನೇ ಗದ್ದಲ ಮಾಡಿ ತಪ್ಪನ್ನು ಜನರೇಟರಿನ ಮೇಲೆ ಹೊರಿಸುತ್ತದೆ. ಕೊಂಡ ಮೇಲೆ ಉಳಿದ ಗದ್ದಲವನ್ನು ತಗ್ಗಿಸಲು ಜನರೇಟರನ್ನು ಆಂಟೆನಾದಿಂದ ದೂರವಿಡುವುದು, ವೈರನ್ನು ಗದ್ದಲ ತಡೆಯುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಉಂಗುರದಲ್ಲಿ ಕೆಲವು ಸುತ್ತು ಹಾಯಿಸುವುದು, ಪ್ರತಿರೋಧಕವಿರುವ ಸ್ಪಾರ್ಕ್ ಪ್ಲಗ್ ಹಾಕಿಸುವುದು ಉಪಯೋಗಕ್ಕೆ ಬರುತ್ತವೆ.

ಎಷ್ಟು ದೊಡ್ಡದನ್ನು ಕೊಳ್ಳಬೇಕೆಂಬುದನ್ನು ಬೇಗ ಲೆಕ್ಕ ಹಾಕಬಹುದು. 100 ವ್ಯಾಟ್ ಪ್ರಸಾರ ಮಾಡುವ ಎಚ್‌ಎಫ್, ಅಂದರೆ ಶಾರ್ಟ್ ವೇವ್, ಹ್ಯಾಮ್ ರೇಡಿಯೊ ಮಾತನಾಡುವಾಗ 13.8 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ, ಎಂದರೆ 276 ವ್ಯಾಟ್. ಪವರ್ ಸಪ್ಲೈಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ 350 ವ್ಯಾಟ್ ಎನ್ನೋಣ. ಮೂರು ಫ್ಯಾನು, ಐದಾರು ಎಲ್‌ಇಡಿ ದೀಪ, ಟಿವಿ ಸೇರಿ ಮತ್ತೆ 400 ವ್ಯಾಟ್ ಆಗಬಹುದು. ಫ್ರಿಡ್ಜ್ ಓಡುವಾಗ 150 ವ್ಯಾಟ್ ತೆಗೆದುಕೊಂಡರೂ ಅದರ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಫಲಕದ ಮೇಲೆ ಬರೆದ ಕೆವಿಎ ಅಂಕಿಯನ್ನು ನೇರವಾಗಿ ಕಿಲೋವ್ಯಾಟ್ ಎಂದು ಓದಬಾರದು. ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು ಹೇಳುವ ಪವರ್ ಫ್ಯಾಕ್ಟರ್ 0.8 ಆಗಿದ್ದರೆ 2 ಕೆವಿಎ ಯಂತ್ರ ಕೊಡುವುದು 1.6 ಕಿಲೋವ್ಯಾಟ್ ಮಾತ್ರ. ಬಳ್ಳಾರಿಯ ಬೇಸಿಗೆಯಲ್ಲಿ, ಉಷ್ಣಾಂಶ 40 ಡಿಗ್ರಿ ದಾಟಿದಾಗ, ಎಂಜಿನ್ ಎಳೆದುಕೊಳ್ಳುವ ಗಾಳಿ ತೆಳುವಾಗಿ ಅದರ ಶಕ್ತಿ ಇನ್ನೂ ಕುಗ್ಗುತ್ತದೆ. ಮೇಲೆ ಹೇಳಿದ ಮನೆಗೆ 2 ಕೆವಿಎ ಸಾಕು. ನೀರಿನ ಮೋಟಾರನ್ನೂ ಇದರಿಂದಲೇ ಓಡಿಸಬೇಕೆನ್ನುವವರು ಅದೇ ಬೆಲೆಗೆ ಸಿಗುವ ದೊಡ್ಡ ಸಾಮಾನ್ಯ ಜನರೇಟರನ್ನು ಕೊಳ್ಳುವುದು ಲೇಸು, ಏಕೆಂದರೆ ಮೋಟಾರು ಶುರುವಾಗುವಾಗಿನ ಎಳೆತಕ್ಕೆ ಸಣ್ಣ ಇನ್ವರ್ಟರ್ ಜನರೇಟರ್ ತನ್ನನ್ನು ತಾನೇ ನಿಲ್ಲಿಸಿಕೊಂಡುಬಿಡುತ್ತದೆ.

ರೇಡಿಯೊವನ್ನು ಜನರೇಟರಿಗೆ ನೇರವಾಗಿ ಹಚ್ಚುವುದಕ್ಕಿಂತ ನಡುವೆ ಬ್ಯಾಟರಿಯೊಂದನ್ನು ಇಡುವುದು ಎಲ್ಲಕ್ಕಿಂತ ಒಳ್ಳೆಯ ವ್ಯವಸ್ಥೆ. ಗಂಟೆಯಲ್ಲಿ 12 ನಿಮಿಷ ಮಾತನಾಡಿ 48 ನಿಮಿಷ ಕೇಳಿಸಿಕೊಳ್ಳುವವರಿಗೆ, ಕೇಳುವಾಗ 1.5 ಆಂಪಿಯರ್, ಮಾತನಾಡುವಾಗ 20 ಆಂಪಿಯರ್ ಎಂದು ಹಿಡಿದರೂ ಸರಾಸರಿ ಬೀಳುವುದು 5.2 ಆಂಪಿಯರ್. 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಈ ಲೆಕ್ಕದಲ್ಲಿ ಹದಿನೆಂಟು ಗಂಟೆಗೂ ಮಿಕ್ಕಿ ಬರುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದಾದ್ದರಿಂದ ಅದು ಇದರ ಅರ್ಧದಷ್ಟು ಕಾಲ ಬರುತ್ತದೆ. ಹಗಲು ಕೆಲವು ಗಂಟೆ ಜನರೇಟರ್ ಓಡಿಸಿ ಚಾರ್ಜ್ ಮಾಡಿ, ರಾತ್ರಿ ಅದನ್ನು ಪೂರ್ತಿ ನಿಲ್ಲಿಸಿದರೆ, ಬ್ಯಾಂಡಿನಲ್ಲಿಯೂ ಮನೆಯಲ್ಲಿಯೂ ಮೌನವಿರುತ್ತದೆ. ಜನರೇಟರಿನ ಮೈಮೇಲಿರುವ 12 ವೋಲ್ಟ್ ಡಿಸಿ ಸಾಕೆಟ್ಟು ಸಾಮಾನ್ಯವಾಗಿ ಬ್ಯಾಟರಿ ಚಾರ್ಜಿಗೆಂದು ಕೊಟ್ಟದ್ದು, ಅದರ ವೋಲ್ಟೇಜು ಸ್ಥಿರವಾಗಿರುವುದಿಲ್ಲ. ಅದಕ್ಕೆ ರೇಡಿಯೊವನ್ನು ಎಂದಿಗೂ ಜೋಡಿಸಬಾರದು.

ಇದು ಕೇವಲ ಹವ್ಯಾಸದ ಅನುಕೂಲವೆಂದು ನಾನು ಎಣಿಸುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ನೆರೆ ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರೂ ಜಿಲ್ಲೆಗಳನ್ನು ಕಾಡಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ನದಿಯ ಕೆಳಭಾಗದ ಊರುಗಳು ಎಚ್ಚರದಲ್ಲಿ ಕಾಯಬೇಕಾಯಿತು. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆಗಳಿಗೆ ನದಿ ತುಂಬಿ ಹರಿದಾಗಲೆಲ್ಲ ದಾರಿ ಕಡಿದುಹೋಗುತ್ತದೆ. ವಿದ್ಯುತ್ತೂ ಮೊಬೈಲ್ ಟವರೂ ಒಟ್ಟಿಗೆ ಸತ್ತ ಹೊತ್ತಿನಲ್ಲಿ, ಕೇಂದ್ರದ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದ ಒಬ್ಬ ಹ್ಯಾಮ್, ಸಿದ್ಧವಿರುವ ಬ್ಯಾಟರಿ ಮತ್ತು ಅದನ್ನು ತುಂಬಿಸುವ ಜನರೇಟರ್ ಇದ್ದರೆ, ಯಾರಿಗೆ ಔಷಧಿ ಬೇಕು, ಎಲ್ಲಿ ದೋಣಿ ಬೇಕು ಎಂಬುದನ್ನು ಹೊರಗೆ ಮುಟ್ಟಿಸಬಲ್ಲ.

ಜನರೇಟರನ್ನು ಮನೆಗೆ ಜೋಡಿಸುವಾಗ, ಹೊರಗಿನ ಲೈನು ಇಲ್ಲವೇ ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಕೂಡಿಸುವ ಚೇಂಜ್‌ಓವರ್ ಸ್ವಿಚ್ಚನ್ನು ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಬೇಕು. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಜನರೇಟರ್ ಹಚ್ಚಿದರೆ ಆ ವಿದ್ಯುತ್ ಮೀಟರ್ ದಾಟಿ ಹೊರಗಿನ ಲೈನಿಗೆ ಹರಿಯಬಹುದು, ಟಿಸಿಯಲ್ಲಿ ಅದರ ವೋಲ್ಟೇಜು ಸಾವಿರಾರು ವೋಲ್ಟಿಗೆ ಏರಬಹುದು, ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಜೆಸ್ಕಾಂ ಲೈನ್‌ಮನ್ ಪ್ರಾಣಕ್ಕೆ ಅದು ಎರವಾಗಬಹುದು. ಯಂತ್ರವನ್ನು ಕೋಣೆಯಲ್ಲಾಗಲಿ ಪಡಸಾಲೆಯಲ್ಲಾಗಲಿ ಕಿಟಕಿಯ ಬಳಿಯಲ್ಲಾಗಲಿ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಬಳಸದೆ ಇಡುವ ತಿಂಗಳುಗಳಲ್ಲಿ ಕಾರ್ಬ್ಯುರೇಟರಿನ ಪೆಟ್ರೋಲನ್ನು ಪೂರ್ತಿ ಇಳಿಸಿಡಬೇಕು, ಏಕೆಂದರೆ ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ, ಭಾರವನ್ನೂ ಕೊಟ್ಟು, ಅರ್ಧ ಗಂಟೆ ಓಡಿಸಿಟ್ಟರೆ ಮಳೆಗಾಲದ ರಾತ್ರಿಯಲ್ಲಿ ಹಗ್ಗ ಎಳೆದಾಗ ಎಂಜಿನ್ ಹತ್ತಿಕೊಳ್ಳುತ್ತದೆ.